ಹಳೆಯ ಗಾಯ, ಮದ್ಯ ಮತ್ತು ಬಾಯಿಗೆ ಬಾರದ ‘ಬೇಡ’

ಪ್ರಶ್ನೆ: ನನಗೆ 29 ವರ್ಷ. ಚಿಕ್ಕಂದಿನಲ್ಲಿ ಪರಿಚಿತರೊಬ್ಬರಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದೆ. ಇದುವರೆಗೆ ಯಾರಿಗೂ ಹೇಳಿಲ್ಲ. ಉಳಿದೆಲ್ಲ ವಿಷಯಗಳಲ್ಲೂ ನಾನು ಬಹಳ ಎಚ್ಚರದವಳು. ಆದರೆ ಎರಡು ಮೂರು ಗ್ಲಾಸ್ ಕುಡಿದಿದ್ದಾಗ ಸಂಗಾತಿ ಕಾಂಡೋಮ್ ಬೇಡವೆಂದರೆ ಸುಮ್ಮನೆ ಒಪ್ಪಿಬಿಡುತ್ತೇನೆ. ಬೆಳಿಗ್ಗೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಇದು ನನ್ನ ನಡತೆಯ ದೋಷವೇ? ಕುಡಿಯುವುದನ್ನು ಬಿಟ್ಟರೆ ಎಲ್ಲವೂ ಸರಿಹೋಗುತ್ತದೆಯೇ?

ಉತ್ತರ: ನಡತೆಯ ದೋಷವಲ್ಲ. ಎರಡನೆಯ ಪ್ರಶ್ನೆಗೆ ಇಷ್ಟು ಚಿಕ್ಕದಾಗಿ ಉತ್ತರಿಸಲಾಗದು.

ಮದ್ಯವು ಮನುಷ್ಯನ ಸಂಕೋಚವನ್ನೆಲ್ಲ ಕಳಚಿಹಾಕುತ್ತದೆ ಎಂಬುದು ರೂಢಿಯ ಮಾತು. 1990ರಲ್ಲಿ ಕ್ಲಾಡ್ ಸ್ಟೀಲ್ ಮತ್ತು ರಾಬರ್ಟ್ ಜೋಸೆಫ್ಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಇನ್ನಷ್ಟು ಸೂಕ್ಷ್ಮವಾಗಿ ವಿವರಿಸಿ, ಮದ್ಯವು ಮನಸ್ಸಿಗೆ ಒಂದು ಬಗೆಯ ಸಮೀಪದೃಷ್ಟಿದೋಷವನ್ನು ತರುತ್ತದೆ ಎಂದರು. ಕಣ್ಣೆದುರಿಗೆ ಇರುವುದು, ಆ ಕ್ಷಣದಲ್ಲಿ ಎದ್ದು ಕಾಣುವುದು ಮಾತ್ರ ಗಮನದಲ್ಲಿ ಉಳಿದು, ಸೋಂಕು, ಗರ್ಭಧಾರಣೆಯಂತಹ ದೂರದ ಪರಿಣಾಮಗಳು ಮಸುಕಾಗುತ್ತವೆ. ಮಹಿಳೆಯರ ದೇಹದಲ್ಲಿ ನೀರಿನ ಪ್ರಮಾಣ ಸಾಮಾನ್ಯವಾಗಿ ಕಡಿಮೆಯಿರುವುದರಿಂದ, ಪುರುಷ ಕುಡಿದಷ್ಟನ್ನೇ ಕುಡಿದರೂ ರಕ್ತದಲ್ಲಿ ಮದ್ಯದ ಸಾಂದ್ರತೆ ಹೆಚ್ಚಾಗುತ್ತದೆ ಎಂಬುದೂ ನೆನಪಿರಲಿ.

ಹಾಗಾದರೆ ಆ ಕ್ಷಣದಲ್ಲಿ ನಿಮ್ಮ ಕಣ್ಣೆದುರಿಗೆ ಎದ್ದು ಕಾಣುವುದು ಯಾವುದು? ನನ್ನ ದೃಷ್ಟಿಯಲ್ಲಿ ಇಡೀ ವಿಷಯ ನಿಂತಿರುವುದೇ ಇಲ್ಲಿ. ನೀವು ‘ಕಾಂಡೋಮ್ ಇದೆಯಾ?’ ಎಂದು ಕೇಳುತ್ತೀರಿ; ಅವನು ಉತ್ತರಿಸದೆ ಒಂದು ನಿಟ್ಟುಸಿರು ಬಿಟ್ಟು ಮುಖ ತಿರುಗಿಸುತ್ತಾನೆ. ಹಳೆಯ ಗಾಯವಿಲ್ಲದವಳಿಗೆ ಅದು ಬರೀ ಮುನಿಸು. ಆದರೆ ತನ್ನ ‘ಬೇಡ’ಕ್ಕೆ ಬೆಲೆಯೇ ಇಲ್ಲವೆಂದು, ಎದುರಾಡಿದರೆ ಇನ್ನೂ ಕೆಟ್ಟದಾಗುತ್ತದೆಂದು ಚಿಕ್ಕ ವಯಸ್ಸಿನಲ್ಲೇ ಕಲಿಯಬೇಕಾಗಿ ಬಂದವಳಿಗೆ ಅದೇ ನಿಟ್ಟುಸಿರು ಅಪಾಯದ ಸೂಚನೆಯಾಗಿ ಕೇಳಿಸಬಹುದು. ದೇಹ ಸೆಟೆದುಕೊಳ್ಳುತ್ತದೆ, ಮನಸ್ಸು ಎಲ್ಲೋ ದೂರ ಸರಿದು ನಿಲ್ಲುತ್ತದೆ, ಬಾಯಿ ‘ಹೋಗಲಿ ಬಿಡು’ ಎನ್ನುತ್ತದೆ. ಒಂದು ಕಾಲದಲ್ಲಿ ನಿಮ್ಮನ್ನು ಕಾಪಾಡಿದ್ದ ಉಪಾಯವೇ ಇದು. ಎಚ್ಚರವಿದ್ದಾಗ ವಿವೇಚನೆ ಅದನ್ನು ತಡೆಯುತ್ತದೆ. ಮದ್ಯ ತಡೆಯುವ ಕೈಯನ್ನು ಸಡಿಲಿಸುತ್ತದೆ. ಅನೇಕರು ಕುಡಿಯಲು ಆರಂಭಿಸುವುದೂ ಆ ಹಳೆಯ ಬಿಗಿತವನ್ನು ಮರೆಯಲೆಂದೇ ಆದ್ದರಿಂದ, ಗಾಯ ಮತ್ತು ಗ್ಲಾಸು ಒಂದನ್ನೊಂದು ಬೆಳೆಸುತ್ತ ಹೋಗುತ್ತವೆ.

ಆದುದರಿಂದ ‘ಕುಡಿಯಬೇಡಿ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವ ಸಲಹೆ ನನಗೆ ಅರ್ಧ ಕೆಲಸವೆನಿಸುತ್ತದೆ. ಕಡಿಮೆ ಮಾಡಿದರೆ ಪ್ರಯೋಜನವಿದೆ, ನಿಜ. ಆದರೆ ಒಳಗಿನ ಭಯ ಹಾಗೆಯೇ ಉಳಿದರೆ, ಕುಡಿಯದಿದ್ದಾಗಲೂ ಅದು ಬಾಯಿ ಕಟ್ಟಿಹಾಕಬಹುದು. ದೌರ್ಜನ್ಯದ ಆಘಾತಕ್ಕೆಂದೇ ರೂಪುಗೊಂಡ ಮನೋಚಿಕಿತ್ಸೆಗಳಿವೆ. ಮದ್ಯದ ಸಮಸ್ಯೆಗೂ ಆಘಾತಕ್ಕೂ ಏಕಕಾಲದಲ್ಲಿ ಚಿಕಿತ್ಸೆ ಪಡೆಯಬಹುದು. ನೀವು ಪ್ರತಿದಿನ ಹೆಚ್ಚು ಕುಡಿಯುವವರಾಗಿದ್ದರೆ ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ನಡುಕ, ಫಿಟ್ಸ್ ಬರುವ ಸಾಧ್ಯತೆಯಿರುವುದರಿಂದ ವೈದ್ಯರ ನಿಗಾದಲ್ಲಿ ಬಿಡಬೇಕು.

ಅಲ್ಲಿಯವರೆಗೆ, ನಿರ್ಧಾರವನ್ನು ಮೊದಲ ಗ್ಲಾಸಿಗೂ ಮುಂಚೆಯೇ ಮಾಡಿ. ಕಾಂಡೋಮ್ ನಿಮ್ಮ ಬ್ಯಾಗಿನಲ್ಲೇ ಇರಲಿ. ಅದಿಲ್ಲದೆ ಆಗದು ಎಂಬ ಮಾತನ್ನು ಹಗಲಿನಲ್ಲೇ, ಸಾಧ್ಯವಾದರೆ ಮೆಸೇಜಿನಲ್ಲಾದರೂ ಹೇಳಿಬಿಡಿ. ಆ ಮಾತಿಗೆ ಅವನು ಹೇಗೆ ಪ್ರತಿಕ್ರಿಯಿಸುತ್ತಾನೆ ಎಂಬುದೇ ನಿಮಗೆ ಬಹಳಷ್ಟನ್ನು ತಿಳಿಸುತ್ತದೆ. ಅಸುರಕ್ಷಿತ ಸಂಪರ್ಕ ನಡೆದುಹೋದರೆ ಹೇಸಿಗೆಪಡುತ್ತ ದಿನ ಕಳೆಯಬೇಡಿ: ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕಾಗುತ್ತದೆ, ತುರ್ತು ಗರ್ಭನಿರೋಧಕ ಮಾತ್ರೆಯೂ ಬೇಗ ನುಂಗಿದಷ್ಟು ಪರಿಣಾಮಕಾರಿ.

ಇನ್ನೊಂದು ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮಾತನಾಡಲಾಗದಷ್ಟು ಕುಡಿದಿದ್ದಾಗ ನಡೆದದ್ದು ನಿಮ್ಮ ನಿರ್ಧಾರವೇ ಅಲ್ಲ. ಅದು ದೌರ್ಜನ್ಯ, ಹೊಣೆ ಪೂರ್ತಿ ಎದುರಿನವನದು.

ಆಪ್ತಸಮಾಲೋಚಕರ ಬಳಿ ಮೊದಲ ದಿನವೇ ಎಲ್ಲವನ್ನೂ ಬಿಚ್ಚಿಡಬೇಕಾಗಿಲ್ಲ. ‘ಚಿಕ್ಕಂದಿನಲ್ಲಿ ನನ್ನ ಮೇಲೆ ದೌರ್ಜನ್ಯವಾಗಿತ್ತು, ಈಗ ಕುಡಿದಾಗ ಬೇಡವೆನ್ನಲು ಆಗುತ್ತಿಲ್ಲ’ ಎಂಬ ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಟ್ಟರೂ ಸಾಕು.