ಓದುಗರ ಗ್ಯಾರೇಜು: ಕಾರಿಗೆ ಟೋ ಬಾರ್ ನಾವೇ ಹಾಕ್ಬಹುದಾ?

ಪ್ರಶ್ನೆ: ನಮಸ್ತೆ ಸರ್, ನಮ್ದು ಕಾಪು ಹತ್ರ. 2021ರ ಡೀಸೆಲ್ ಎಸ್‌ಯುವಿ ಉಂಟು. ನಂಗೂ ತಮ್ಮನಿಗೂ ಸೇರಿ ಒಂದು ಸಣ್ಣ ಫೈಬರ್ ದೋಣಿ, ಎರಡು ಕಯಾಕ್ ಉಂಟು. ಈಗ ಪ್ರತಿ ಸಲ ಟೆಂಪೋಗೆ ಬಾಡಿಗೆ ಕೊಟ್ಟು ಕೋಡಿ ಬೆಂಗ್ರೆಗೋ ಸಸಿಹಿತ್ಲುಗೋ ತಕೊಂಡು ಹೋಗುದು. ಇಲ್ಲೇ ವೆಲ್ಡಿಂಗ್ ಶಾಪಲ್ಲಿ ಒಂದು ಟ್ರೇಲರ್ ಮಾಡಿಸಿ ಕಾರಿಗೇ ಸಿಕ್ಕಿಸುವ ಅಂತ ಪ್ಲಾನ್. ಟ್ರೇಲರ್ ಸಿಕ್ಕಿಸ್ಲಿಕ್ಕೆ ಕಾರಿನ ಹಿಂದೆ ಹಾಕುವ ಟೋ ಬಾರ್ ಕಿಟ್ ಸಿಗ್ತದೆ, ಸ್ಪ್ಯಾನರ್ ಕೆಲಸ ನಂಗೆ ಬರ್ತದೆ. ವಯರಿಂಗ್ ಮಾತ್ರ ಡೌಟು. ಒಬ್ರು ಹೇಳ್ತಾರೆ ಟೇಲ್ ಲ್ಯಾಂಪಿನ ವಯರಿಗೆ ಜಾಯಿಂಟ್ ಕೊಟ್ರೆ ಆಯ್ತು ಅಂತ, ಇನ್ನೊಬ್ರು ಹಾಗೆ ಮಾಡಿದ್ರೆ ಕಾರಿನ ಕಂಪ್ಯೂಟರೇ ಹೋಗ್ತದೆ ಅಂತ. ಯಾರು ಹೇಳುದು ಸಮ?

ಉತ್ತರ: ಎರಡನೆಯವರು ಹೇಳಿದ್ದು ಸಮ. ಅದನ್ನು ಬಿಡಿಸಿ ಹೇಳ್ತೇನೆ, ಆದ್ರೆ ನಿಮ್ಮ ಪ್ರಶ್ನೆಯಲ್ಲಿ ವಯರಿಗಿಂತ ಮೊದಲೇ ಒಂದು ತೊಡಕುಂಟು, ಆ ವೆಲ್ಡಿಂಗ್ ಶಾಪಿನ ಟ್ರೇಲರ್. ಅದಕ್ಕೆ ಅಡ್ವಾನ್ಸ್ ಕೊಟ್ಟಿಲ್ಲ ಅಂತಾದ್ರೆ ದಯವಿಟ್ಟು ಕೊಡ್ಬೇಡಿ. ನಮ್ಮ ಕಾನೂನಿನಲ್ಲಿ ಟ್ರೇಲರ್ ಅಂದ್ರೆ ಅದೇ ಒಂದು ವಾಹನ, ಅದಕ್ಕೆ ಬೇರೆಯೇ ರಿಜಿಸ್ಟ್ರೇಷನ್ ಬೇಕು, ರಿಜಿಸ್ಟ್ರೇಷನ್ ಆಗ್ಬೇಕಾದ್ರೆ ಅದು ಟೆಸ್ಟಿಂಗ್ ಸಂಸ್ಥೆಯಿಂದ ಅಪ್ರೂವ್ ಆದ ಮಾಡೆಲ್ ಆಗಿರ್ಬೇಕು. ಆಂಗಲ್ ಕಬ್ಬಿಣ ತಂದು ಎರಡು ಚಕ್ರ ಹಾಕಿ ಹೆದ್ದಾರಿಗೆ ಇಳಿಸ್ಲಿಕ್ಕೆ ಆಗುದಿಲ್ಲ. ಕಾರಿಗೂ ಅಷ್ಟೇ, ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ನಿಗೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ, 2019ರ ತಿದ್ದುಪಡಿಯ ಮೇಲೆ ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಎರಡೂ ಆಗ್ಬಹುದು. ಹಾಗಾಗಿ ಒಂದು ದಿನ ರಜೆ ಹಾಕಿ ಉಡುಪಿ ಆರ್‌ಟಿಒಗೆ ಹೋಗಿ, ನಿಮ್ಮ ಮಾಡೆಲ್ಲಿಗೆ ಟೋ ಬಾರ್ ಹಾಕ್ಬಹುದಾ ಅಂತ ಬರವಣಿಗೆಯಲ್ಲಿ ಕೇಳಿ. ಇನ್ಶೂರೆನ್ಸಿನವರಿಗೂ ಒಂದು ಮೇಲ್ ಹಾಕಿ, ಅವರ ಉತ್ತರ ಪ್ರಿಂಟ್ ತೆಗೆದು ಆರ್‌ಸಿ ಜೊತೆ ಇಟ್ಕೊಳ್ಳಿ. ಇದು ಕಿರಿಕಿರಿಯ ಕೆಲಸ ಅಂತ ನಂಗೆ ಗೊತ್ತುಂಟು, ಆದ್ರೆ ನಾಳೆ ದೋಣಿ ಸಮೇತ ಟ್ರೇಲರ್ ಕಳಚಿ ಹಿಂದೆ ಬರುವ ಬೈಕಿನವನಿಗೆ ಬಡಿದ್ರೆ ಕೇಳುವ ಮೊದಲ ಪ್ರಶ್ನೆಯೇ ಇದು.

ಕಾರಿನ ಜೊತೆ ಬಂದ ಮ್ಯಾನ್ಯುವಲ್ ತೆಗೆದು ಟೋಯಿಂಗ್ ಅಂತ ಇರುವ ಪೇಜ್ ಓದಿ. ಎಷ್ಟೋ ಕಾರಿನ ಪುಸ್ತಕದಲ್ಲಿ ಈ ಗಾಡಿ ಟ್ರೇಲರ್ ಎಳೆಯಲಿಕ್ಕೆ ಡಿಸೈನ್ ಮಾಡಿದ್ದಲ್ಲ ಅಂತ ಚೊಕ್ಕ ಬರೆದಿರ್ತದೆ, ಹಾಗೆ ಬರೆದಿದ್ರೆ ವಿಷಯ ಅಲ್ಲಿಗೇ ಮುಗೀತು, ಎಂಥ ದೊಡ್ಡ ಇಂಜಿನ್ ಇದ್ರೂ ಬೇಡ. ಎಳೀಬಹುದು ಅಂತಿದ್ರೆ ಎಷ್ಟು ಕೆಜಿ, ಟೋ ಬಾರಿನ ತುದಿಯ ಗುಂಡು, ಅಂದ್ರೆ ಬಾಲ್ ಮೇಲೆ ಎಷ್ಟು ಭಾರ ಬೀಳ್ಬಹುದು ಅಂತ ಎರಡು ಲೆಕ್ಕ ಕೊಟ್ಟಿರ್ತಾರೆ, ಎರಡೂ ಬರೆದಿಟ್ಕೊಳ್ಳಿ. ಮತ್ತೆ ಬಂಪರಿನಲ್ಲಿ ಸಣ್ಣ ಮುಚ್ಚಳ ತೆಗೆದು ತಿರುಪಿ ಹಾಕುವ ಕೊಕ್ಕೆ ಉಂಟಲ್ಲ, ಅದು ಕೆಟ್ಟು ನಿಂತ ಕಾರನ್ನು ಎಳೀಲಿಕ್ಕೆ ಇರುದು, ಟ್ರೇಲರಿಗಲ್ಲ.

ಇನ್ನು ಕಬ್ಬಿಣದ ಕೆಲಸ. ಇದು ನಿಮ್ಮಿಂದ ಆಗ್ತದೆ. ನಿಮ್ಮದೇ ಮಾಡೆಲ್ಲಿಗೆ ಅಂತ ಮಾಡಿದ ಕಿಟ್ ಆದ್ರೆ ಚಾಸಿಯಲ್ಲಿ ಮೊದಲೇ ಇರುವ ತೂತಿಗೇ ಬೋಲ್ಟ್ ಕೂರ್ತದೆ, ವೆಲ್ಡಿಂಗ್ ಮಾಡ್ಬೇಕು ಅಂತ ಯಾರಾದ್ರೂ ಹೇಳಿದ್ರೆ ಅಲ್ಲೇ ನಿಲ್ಲಿಸಿ. ಹಿಂದಿನ ಬಂಪರ್ ಇಳಿಸುವಾಗ ಇಬ್ರು ಇರಿ, ಚಕ್ರದ ಕಮಾನಿನ ಒಳಗೆ ಮತ್ತು ಅಡಿಯಲ್ಲಿ ಸ್ಕ್ರೂ ಇರ್ತದೆ, ಪಾರ್ಕಿಂಗ್ ಸೆನ್ಸರಿನ ಕಪ್ಲರ್ ಬಿಡಿಸದೆ ಎಳೆದ್ರೆ ವಯರ್ ತುಂಡಾಗ್ತದೆ. ನೆಲಕ್ಕೆ ಹಳೆ ಬೆಡ್‌ಶೀಟ್ ಹಾಸಿ ಅದರ ಮೇಲೆ ಇಡಿ. ಎಷ್ಟೋ ಕಾರಿನಲ್ಲಿ ಬಂಪರಿನ ಒಳಗಿನ ಅಡ್ಡಪಟ್ಟಿ ತೆಗೆದು ಅದರ ಜಾಗದಲ್ಲೇ ಟೋ ಬಾರಿನ ಅಡ್ಡ ಬೀಮ್ ಬರ್ತದೆ. ಅದು ಚಾಸಿಗೆ ತಾಗುವ ಜಾಗದಲ್ಲಿ ಕಪ್ಪು ಸೀಲೆಂಟು, ಮೇಣದ ಹಾಗಿನ ಅಂಡರ್‌ಕೋಟಿಂಗು ಇದ್ರೆ ಕೆರೆದು ತೆಗೀಬೇಕು. ಅದನ್ನು ಬಿಟ್ಟು ಟೈಟ್ ಮಾಡಿದ್ರೆ ನಾಲ್ಕು ದಿನದಲ್ಲಿ ಸೀಲೆಂಟ್ ಒತ್ತಿ ಹಿಂಡಿ ಹೋಗಿ ಬೋಲ್ಟ್ ತನ್ನಷ್ಟಕ್ಕೆ ಲೂಸ್ ಆಗ್ತದೆ, ಇದು ಕಣ್ಣಿಗೆ ಕಾಣುದೇ ಇಲ್ಲ. ಕೆರೆದ ಕಡೆ ಜಿಂಕ್ ಪ್ರೈಮರ್ ಹೊಡೀರಿ. ಎಲ್ಲಾ ಬೋಲ್ಟ್ ಮೊದಲು ಕೈಯಲ್ಲಿ ಹಿಡಿಸಿ, ಬೀಮ್ ನೇರ ಕೂತಿದೆಯಾ ನೋಡಿ, ಆಮೇಲೆ ಕಿಟ್ಟಿನ ಕಾಗದದಲ್ಲಿ ಎಷ್ಟು ಹೇಳಿದ್ದಾರೋ ಅಷ್ಟಕ್ಕೇ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ, ಟ್ರೇಲರ್ ಎಳೆದು ಕೆಲವು ನೂರು ಕಿಲೋಮೀಟರ್ ಆದ್ಮೇಲೆ ಪುನಃ ಚೆಕ್ ಮಾಡಿ. ಬಾಲ್ 50 ಮಿಲಿಮೀಟರಿನದ್ದಾ ಎರಡು ಇಂಚಿನದ್ದಾ ಅಂತ ಕೇಳಿ ತಕೊಳ್ಳಿ. ಎರಡು ಇಂಚು ಅಂದ್ರೆ 50.8, ವ್ಯತ್ಯಾಸ ಒಂದು ಮಿಲಿಮೀಟರೂ ಇಲ್ಲ, ಆದ್ರೆ ಟ್ರೇಲರಿನ ಮೂತಿಯಲ್ಲಿ ಬಾಲನ್ನು ಹಿಡಿಯುವ 50ರ ಕಪ್ಲರ್ ಅದರ ಮೇಲೆ ಪೂರ್ತಿ ಕೂರುದಿಲ್ಲ, ಕೂತ ಹಾಗೆ ಕಾಣ್ತದೆ ಅಷ್ಟೇ.

ಈಗ ವಯರಿಂಗ್. ಹಳೆ ಕಾರಿನಲ್ಲಿ ಬ್ರೇಕ್ ಒತ್ತಿದ್ರೆ ಸ್ವಿಚ್ಚಿನಿಂದ ಕರೆಂಟ್ ನೇರ ಬಲ್ಬಿಗೆ ಹೋಗ್ತಿತ್ತು, ಅಲ್ಲಿ ಒಂದು ಜಾಯಿಂಟ್ ಕೊಟ್ರೆ ಟ್ರೇಲರಿನ ಬಲ್ಬೂ ಉರೀತಿತ್ತು. ಮೊದಲನೆಯವರು ಹೇಳಿದ್ದು ಆ ಕಾಲದ ಮಾತು. ಈಗಿನ ಎಷ್ಟೋ ಕಾರಿನಲ್ಲಿ ಬ್ರೇಕ್ ಪೆಡಲ್ ಬರೀ ಸುದ್ದಿ ಕೊಡುದು, ಆ ಸುದ್ದಿ ಕ್ಯಾನ್ ಬಸ್ ಅನ್ನುವ ಎರಡು ಸಪೂರ ವಯರಿನಲ್ಲಿ ಹೋಗಿ ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನುವ ಪೆಟ್ಟಿಗೆಗೆ ಮುಟ್ಟಿ, ಆ ಪೆಟ್ಟಿಗೆ ಲೈಟ್ ಉರಿಸುದು. ಲೈಟು ಎಲ್‌ಇಡಿ ಆದ್ರೆ ಅದಕ್ಕೆ ಬೇಕಾದ ಕರೆಂಟ್ ತುಂಬಾ ಕಡಿಮೆ, ಪೆಟ್ಟಿಗೆ ಕೊಡುದೂ ಅಷ್ಟೇ. ಅದಕ್ಕೆ ನೀವು ಟ್ರೇಲರಿನ 21 ವಾಟ್ ಬಲ್ಬ್ ಜೋಡಿಸಿದ್ರೆ ಒಂದೋ ಅದು ಎರರ್ ತೋರಿಸಿ ಲೈಟ್ ಕಟ್ ಮಾಡ್ತದೆ, ಇಲ್ಲ ಪೆಟ್ಟಿಗೆಯ ಒಳಗೆ ಲೈಟಿಗೆ ಕರೆಂಟ್ ಕೊಡುವ ಸರ್ಕ್ಯೂಟ್ ಸುಟ್ಟು ಹೋಗ್ತದೆ. ಕೆಲವು ಕಾರಿನಲ್ಲಿ ಪಾರ್ಕ್ ಲೈಟಿಗೂ ಬ್ರೇಕಿಗೂ ಒಂದೇ ವಯರ್, ಕರೆಂಟನ್ನು ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡಿ ಮಂದ, ಜೋರು ಅಂತ ಉರಿಸ್ತಾರೆ. ಮಲ್ಟಿಮೀಟರ್ ಹಿಡಿದ್ರೆ ಎಂಥದೋ ಎರಡು ಮೂರು ವೋಲ್ಟ್ ಕಾಣ್ತದೆ, ವಯರ್ ಹಾಳಾಗಿದೆ ಅಂತ ನಾವು ತಿಳ್ಕೊಳ್ತೇವೆ.

ಹಾಗಾಗಿ ಟೇಲ್ ಲ್ಯಾಂಪಿನಿಂದ ಸುದ್ದಿ ಮಾತ್ರ ತಕೊಳ್ಳಿ, ಕರೆಂಟ್ ತಕೊಳ್ಬೇಡಿ. ಇದಕ್ಕಂತಲೇ ಬೈಪಾಸ್ ರಿಲೇ ಮಾಡ್ಯೂಲ್ ಬರ್ತದೆ, ಅದು ಲ್ಯಾಂಪಿನ ವಯರಿನಿಂದ ಕೆಲವೇ ಮಿಲಿ ಆಂಪಿಯರ್ ಎಳೆದು ಯಾವ ಲೈಟ್ ಉರೀತಿದೆ ಅಂತ ನೋಡಿ, ಟ್ರೇಲರಿಗೆ ಬೇಕಾದ ಕರೆಂಟನ್ನು ಬ್ಯಾಟರಿಯಿಂದ ಬೇರೆ ವಯರಿನಲ್ಲಿ ಕೊಡ್ತದೆ. ಲೆಕ್ಕ ಹಾಕಿ ನೋಡಿ, ಎರಡು ಬ್ರೇಕ್ ಬಲ್ಬ್ 42 ವಾಟ್, ಹಜಾರ್ಡ್ ಹಾಕಿ ಎರಡೂ ಇಂಡಿಕೇಟರ್ ಉರಿದ್ರೆ ಇನ್ನೊಂದು 42, ಪಾರ್ಕ್ ಎರಡು ಸೇರಿ 10, ನಂಬರ್ ಪ್ಲೇಟಿಗೆ 5, ಒಟ್ಟು 99 ವಾಟ್, 12 ವೋಲ್ಟಿಗೆ ಹತ್ತಿರ ಹತ್ತಿರ 8 ಆಂಪಿಯರ್. 15 ಆಂಪಿಯರಿನ ಫ್ಯೂಸ್, 2.5 ಸ್ಕ್ವೇರ್ ಎಂಎಂ ವಯರ್ ಧಾರಾಳ ಸಾಕು. ಫ್ಯೂಸ್ ಮಾತ್ರ ಬ್ಯಾಟರಿಯ ಹತ್ತಿರವೇ ಇರ್ಬೇಕು, ಡಿಕ್ಕಿಯಲ್ಲಿ ಅಲ್ಲ. ಡಿಕ್ಕಿಯಲ್ಲಿ ಹಾಕಿದ್ರೆ ಮಧ್ಯದಲ್ಲಿ ವಯರ್ ಎಲ್ಲಾದ್ರೂ ಸವೆದು ಬಾಡಿಗೆ ತಾಗಿದ್ರೆ ಬೆಂಕಿಯೇ.

ಕೆಲಸ ಶುರು ಮಾಡುವ ಮೊದಲು ಇಗ್ನಿಷನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಬ್ಯಾಟರಿಯ ನೆಗೆಟಿವ್ ತೆಗೀರಿ. ಬಾಗಿಲಿನ ಅಡಿಪಟ್ಟಿಯ ಒಳಗೆ ವಯರ್ ಎಳೆಯುವಾಗ ಹಳದಿ ಕಪ್ಲರ್, ಹಳದಿ ಸ್ಲೀವ್ ಕಂಡ್ರೆ ಅದು ಏರ್‌ಬ್ಯಾಗಿಂದು, ಕೈ ಹಾಕ್ಬೇಡಿ, ಟೆಸ್ಟ್ ಲೈಟ್ ಅಂತೂ ಚುಚ್ಚಲೇಬೇಡಿ. ಅರ್ತ್ ವಯರನ್ನು ಬ್ಯಾಟರಿಯ ನೆಗೆಟಿವ್ ತುದಿಗೆ ಕೊಡ್ಬೇಡಿ, ಈಗಿನ ಎಷ್ಟೋ ಗಾಡಿಯಲ್ಲಿ ಅಲ್ಲೊಂದು ಸೆನ್ಸರ್ ಕೂತಿರ್ತದೆ, ಅದನ್ನು ದಾಟಿ ಹೋದ ಕರೆಂಟು ಅದರ ಲೆಕ್ಕಕ್ಕೆ ಸಿಗುದಿಲ್ಲ. ಹಿಂದೆ ಬಾಡಿಯ ಲೋಹದಲ್ಲಿ ಕಂಪನಿಯ ಅರ್ತ್ ಬೋಲ್ಟ್ ಇರ್ತದೆ, ಅದಕ್ಕೆ ಲಗ್ ಹಾಕಿ ಕೊಡಿ.

7 ಪಿನ್ನಿನ ಸಾಕೆಟ್ ಆದ್ರೆ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡಿನ ಪ್ರಕಾರ ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕ್, ಕಂದು ಬಲ ಪಾರ್ಕ್, ಕಪ್ಪು ಎಡ ಪಾರ್ಕ್, ನೀಲಿ ಹಿಂದಿನ ಫಾಗ್, ಬಿಳಿ ಅರ್ತ್. ಇಲ್ಲೇ ಅನುಭವಸ್ಥರೂ ತಪ್ಪುದು, ಕಪ್ಪು ಅಂದ್ರೆ ಅರ್ತ್ ಅಂತ ಕೈಗೆ ಅಭ್ಯಾಸ ಆಗಿರ್ತದೆ, ಇಲ್ಲಿ ಅರ್ತ್ ಬಿಳಿ. ಬಂಪರ್ ವಾಪಸ್ ಹಾಕುವ ಮೊದಲೇ ಒಂದು ಪ್ಲೈವುಡ್ ತುಂಡಿಗೆ ನಾಲ್ಕೈದು ಬಲ್ಬ್ ಹೋಲ್ಡರ್ ಹೊಡೆದು ಟೆಸ್ಟ್ ಬೋರ್ಡ್ ಮಾಡಿ ಒಂದೊಂದೇ ಲೈಟ್ ಹಾಕಿ ನೋಡಿ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಬಲ್ಬೂ ಮಂಕಾಗಿ ಉರಿದ್ರೆ ಮೊದಲು ಅರ್ತ್ ನೋಡಿ. ಸರಿಯಾದ ದಾರಿ ಸಿಗದ ಕರೆಂಟು ಬೇರೆ ಬಲ್ಬಿನ ಒಳಗಿಂದ ದಾರಿ ಹುಡುಕ್ತಾ ಇರ್ತದೆ.

ಜಾಯಿಂಟಿನ ಬಗ್ಗೆ ನಾನು ಹಟ ಹಿಡಿದೇ ಹೇಳ್ತೇನೆ. ನನ್ನ ಹಳೆ ಕಾರಿಗೆ ಒಂದು ಗ್ಯಾರೇಜಿನಲ್ಲಿ ವಯರನ್ನು ಕಚ್ಚುವ ಕ್ಲಿಪ್ ಹಾಕಿ ಮೇಲಿಂದ ಕಪ್ಪು ಟೇಪ್ ಸುತ್ತಿ ಕೊಟ್ಟಿದ್ರು. ಒಂದು ಮಳೆಗಾಲ ಕಳೆದು ದೀಪಾವಳಿ ಹೊತ್ತಿಗೆ ಬಲ ಇಂಡಿಕೇಟರ್ ನಿಂತು ಹೋಯ್ತು. ಬಿಡಿಸಿ ನೋಡಿದ್ರೆ ಟೇಪಿನ ಅಂಟು ಕರಗಿ ಕೈಗೆ ಮೆತ್ತಿಕೊಳ್ತಾ ಉಂಟು, ಒಳಗೆ ತಾಮ್ರ ಇಲ್ಲ, ಹಸಿರು ಪುಡಿ. ವಯರಿನ ಸಿಪ್ಪೆ ಸುಲಿದ್ರೆ ಸುಲಿದಷ್ಟೂ ಹಸಿರು, ಒಂದು ಗೇಣು ಉದ್ದ ಕಡಿದು ಬಿಸಾಡಿದ ಮೇಲೆ ಕೆಂಪು ತಾಮ್ರ ಸಿಕ್ಕಿತು, ಅದೂ ಕಾರಿನ ಸ್ವಂತ ವಯರು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ಅದರ ಜೊತೆಗೆ ಉಪ್ಪು ಗಾಳಿ, ನೀವು ಬೇರೆ ದೋಣಿ ಇಳಿಸ್ಲಿಕ್ಕೆ ಅಳಿವೆಗೇ ಹೋಗುವವರು. ಹಾಗಾಗಿ ವಯರನ್ನು ಒತ್ತಿ ಹಿಡಿಸುವ ಸರಿಯಾದ ಕ್ರಿಂಪ್, ಅದರ ಮೇಲೆ ಬಿಸಿ ಮಾಡಿದ್ರೆ ಬಿಗಿಯಾಗುವ, ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್, ವಯರ್ ಹೊರಗೆ ಬರುವ ತೂತಿಗೆ ರಬ್ಬರ್ ಗ್ರೊಮೆಟ್, ಮಾಡ್ಯೂಲ್ ಡಿಕ್ಕಿಯ ಒಳಗೆ ಎತ್ತರದಲ್ಲಿ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಬೇಡ, ನೀರು ನಿಲ್ಲುದು ಅಲ್ಲೇ.

ಇನ್ನೆರಡು ಮಾತು. ಕಪ್ಲರ್ ಬಾಲನ್ನು ಕೆಳಗೆ ಒತ್ತುವ ಭಾರ ಟ್ರೇಲರಿನ ಒಟ್ಟು ಭಾರದ ಶೇ 5ರಿಂದ 7 ಇರಲಿ, 400 ಕೆಜಿಗೆ 20ರಿಂದ 28 ಕೆಜಿ. ಮನೆಯ ತೂಕದ ಮೆಷಿನಿನ ಮೇಲೆ ಒಂದು ಮರದ ತುಂಡಿಟ್ಟು ಅಳೀಬಹುದು, ಪುಸ್ತಕದಲ್ಲಿ ಬರೆದ ಮಿತಿ ದಾಟ್ಬಾರ್ದು. ಮುಂದೆ ಭಾರ ಕಮ್ಮಿಯಾದ್ರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸ್ತದೆ. ಮತ್ತೆ ಕೋಡಿ ಬೆಂಗ್ರೆಯಲ್ಲಿ ನೀರಿಗೆ ರಿವರ್ಸ್ ಹೋಗುವ ಮೊದಲು ಪ್ಲಗ್ ಎಳೆದು ಬಿಡಿ, ಬಿಸಿ ಬಲ್ಬಿಗೆ ತಣ್ಣೀರು ತಾಗಿದ್ರೆ ಒಡೀತದೆ, ಉಪ್ಪುನೀರಲ್ಲಿ ಕರೆಂಟ್ ಇದ್ರೆ ಪಿನ್ ತಿಂದು ಹೋಗ್ತದೆ. ಮನೆಗೆ ಬಂದು ಚಕ್ರದ ಬೇರಿಂಗಿಗೂ ಸಾಕೆಟ್ಟಿಗೂ ಬಾವಿ ನೀರು ಹೊಯ್ದು ಒಣಗಿಸಿ.

ಪ್ರಶ್ನೆ: ಮಂಗಳೂರು ಬಜ್ಪೆಯಿಂದ. ಪರಿಚಯದವರ ಕೈಯಲ್ಲಿ ಟೋ ಬಾರ್ ಹಾಕಿಸಿದೆ. ಈಗ ಟ್ರೇಲರ್ ಹಾಕಿದ್ರೆ ಇಂಡಿಕೇಟರ್ ಟಿಕ್ ಟಿಕ್ ಅಂತ ಡಬಲ್ ಸ್ಪೀಡ್, ರಿವರ್ಸ್ ಹಾಕಿದ್ರೆ ಸೆನ್ಸರ್ ಕೂಗುದು ನಿಲ್ಲುದೇ ಇಲ್ಲ. ಎಂತ ಮಾಡುದು?

ಉತ್ತರ: ಎರಡೂ ಬೇರೆ ಬೇರೆ ವಿಷಯ. ಸೆನ್ಸರಿಗೆ ಹಿಂದೆ ಟ್ರೇಲರ್ ಕಾಣ್ತದೆ, ಅದು ಅದರ ಕೆಲಸ ಮಾಡ್ತಾ ಉಂಟು, ಸದ್ಯಕ್ಕೆ ಬಟನ್ ಇದ್ರೆ ಆಫ್ ಮಾಡಿ. ನಿಮ್ಮ ಕಾರಿಗೆ ಅಂತಲೇ ಕಂಪನಿ ಕೊಡುವ ಟ್ರೇಲರ್ ವಯರಿಂಗ್ ಸೆಟ್ ಇದ್ರೆ, ಅದನ್ನು ಹಾಕಿ ಕಾರಿನ ಕಂಪ್ಯೂಟರ್ ಚೆಕ್ ಮಾಡುವ ಓಬಿಡಿ ಪೋರ್ಟಿಗೆ ಸ್ಕ್ಯಾನರ್ ಕೊಟ್ಟು ಕೋಡಿಂಗ್ ಮಾಡಿದ್ಮೇಲೆ ಟ್ರೇಲರ್ ಪ್ಲಗ್ ಸಿಕ್ಕಿಸಿದ ಕೂಡ್ಲೇ ಕಾರಿಗೆ ಗೊತ್ತಾಗಿ ಸೆನ್ಸರ್ ತನ್ನಷ್ಟಕ್ಕೆ ಸುಮ್ಮನಾಗ್ತದೆ, ಕೆಲವು ಗಾಡಿಯಲ್ಲಿ ಟ್ರೇಲರ್ ಓಲಾಡುದನ್ನು ಹಿಡಿಯುವ ಸ್ಟೆಬಿಲಿಟಿ ಪ್ರೋಗ್ರಾಮೂ ಆನ್ ಆಗ್ತದೆ. ಖರ್ಚು ಜಾಸ್ತಿ, ಆದ್ರೆ ನಂಗೆ ಕೇಳಿದ್ರೆ ಅದೇ ಒಳ್ಳೇದು. ಇಂಡಿಕೇಟರ್ ಓಡುದು ಮಾತ್ರ ಸಣ್ಣ ವಿಷಯ ಅಲ್ಲ. ಲೋಡಿನ ಲೆಕ್ಕ ತಪ್ಪಿದೆ ಅಂತ ಕಾರು ಹೇಳ್ತಾ ಉಂಟು, ಹೆಚ್ಚಾಗಿ ಲ್ಯಾಂಪಿನ ವಯರಿಗೇ ನೇರ ಜಾಯಿಂಟ್ ಕೊಟ್ಟಿರ್ತಾರೆ. ಇವತ್ತೇ ಪ್ಲಗ್ ತೆಗೆದಿಡಿ, ಮೇಲಿನ ಕಾಪುವಿನವರಿಗೆ ಬರೆದದ್ದನ್ನು ಓದಿ, ಬೈಪಾಸ್ ಮಾಡ್ಯೂಲ್ ಹಾಕಿಸದೆ ಟ್ರೇಲರ್ ಎಳೀಬೇಡಿ.

ಪ್ರಶ್ನೆ: ನಂತೂರು, ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಹಿಂದಿನಿಂದ ಯಾರಾದ್ರೂ ತಾಗಿಸ್ತಾರೆ ಅಂತ ಫ್ರೆಂಡ್ ಕಾರಿನ ಹಿಂದೆ ಬರೀ ಬಾಲ್ ಹುಕ್ ಹಾಕಿಸಿದ್ದಾನೆ, ನಾನೂ ಹಾಕ್ಲಾ?

ಉತ್ತರ: ಬೇಡ ಮಾರಾಯ್ರೆ. ಬಂಪರಿನ ಒಳಗೆ ಪೆಟ್ಟು ತಿಂದು ಚಪ್ಪಟೆಯಾಗ್ಲಿಕ್ಕೆ ಅಂತಲೇ ಕೆಲವು ಭಾಗ ಇಟ್ಟಿರ್ತಾರೆ. ಹುಕ್ ಬಂಪರಿಗಿಂತ ಹಿಂದಕ್ಕೆ ಚಾಚಿಕೊಂಡಿದ್ರೆ ಪೆಟ್ಟು ಅವನ್ನೆಲ್ಲ ದಾಟಿ ನೇರ ಚಾಸಿಗೆ, ಅಲ್ಲಿಂದ ಹಿಂದಿನ ಸೀಟಿನಲ್ಲಿ ಕೂತವರ ಕುತ್ತಿಗೆಗೆ. ಬಂಪರಿಗೆ ಒಂದು ಗೀರೂ ಬಿದ್ದಿರುದಿಲ್ಲ, ಒಳಗೆ ಚಾಸಿ ಬಗ್ಗಿರ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕುದು ಸೆಕ್ಷನ್ 52ಕ್ಕೆ ವಿರುದ್ಧ ಅಂತ ರಾಜ್ಯಗಳಿಗೆ ಬರೆದದ್ದೂ ಇಂಥ ಕಾರಣಕ್ಕೇ. ಫ್ರೆಂಡಿಗೂ ಹೇಳಿ, ಎಳೀಲಿಕ್ಕೆ ಏನೂ ಇಲ್ಲದಿದ್ರೆ ಅದನ್ನು ಬಿಚ್ಚಿಸ್ಲಿ. ಪಾರ್ಕಿಂಗಿನಲ್ಲಿ ಎರಡು ಗಾಡಿಯ ಮಧ್ಯೆ ದಾಟಿ ಹೋಗುವ ಮಕ್ಕಳ ಮೊಣಕಾಲಿಗೆ ತಾಗುದೂ ಅದೇ ಬಾಲ್.