ಶಿರಸಿಯಲ್ಲಿ ತೆರೆಯುವ ಲೆಕ್ಕ ಕುಮಟಾದಲ್ಲಿ ಏಕೆ ತೆರೆಯುವುದಿಲ್ಲ?

ನಮಸ್ಕಾರ. ನೀವೇ ಬರೆಸಿದ ಅಡಿಕೆ ವಖಾರಿಯ ಲೆಕ್ಕದ ಪ್ರೋಗ್ರಾಂ ಶಿರಸಿಯ ಹಳೆಯ ಕಂಪ್ಯೂಟರಿನಲ್ಲಿ ಸರಾಗವಾಗಿ ನಡೆಯುತ್ತದೆ, ಕುಮಟಾದ ಹೊಸದರಲ್ಲಿ ಮಾತ್ರ ‘ಜೆಟ್ 4.0 ನೋಂದಣಿಯಾಗಿಲ್ಲ’ ಎನ್ನುತ್ತದೆ ಎಂದು ಕೇಳಿದ್ದೀರಿ. ಹೆದರಬೇಡಿ, ಈ ಸಂದೇಶ ಬಂದ ಮಾತ್ರಕ್ಕೆ ನಿಮ್ಮ ಲೆಕ್ಕದ ಕಡತ ಕೆಟ್ಟಿದೆ ಎಂದಲ್ಲ.

ಜೆಟ್ ಎಂದರೆ ಮೈಕ್ರೋಸಾಫ್ಟ್ ಆಕ್ಸೆಸ್‌ನ ಕಡತವನ್ನು ಪ್ರೋಗ್ರಾಂಗೆ ಓದಿಸುವ ಚಾಲಕ (ಡ್ರೈವರ್). ಅದು ಇರುವುದು 32 ಬಿಟ್‌ನಲ್ಲಿ ಮಾತ್ರ. ಪ್ರೋಗ್ರಾಂ ಬರೆಯುವ ವಿಜುವಲ್ ಸ್ಟುಡಿಯೋದಲ್ಲಿ ‘ಎನಿ ಸಿಪಿಯು’ ಆಯ್ಕೆಯಲ್ಲಿ ಸಿದ್ಧಪಡಿಸಿದ ಪ್ರೋಗ್ರಾಂ ಸಾಮಾನ್ಯವಾಗಿ ಹೊಸ ವಿಂಡೋಸ್‌ನಲ್ಲಿ 64 ಬಿಟ್ ಆಗಿ ಓಡುತ್ತದೆ. ಆಗ ಅದಕ್ಕೆ ಜೆಟ್ ಕಾಣುವುದೇ ಇಲ್ಲ. ಬರೆದವರಿಗೆ ಹೇಳಿ ‘ಎಕ್ಸ್86’ (ಅಂದರೆ 32 ಬಿಟ್) ಎಂದು ಬದಲಿಸಿ ಮತ್ತೆ ಸಿದ್ಧಪಡಿಸಿಕೊಳ್ಳಿ. ಹೆಚ್ಚಿನ ಪಾಲು ಅಷ್ಟಕ್ಕೇ ಕೆಲಸ ಮುಗಿಯುತ್ತದೆ.

ಕಡತ ಆಕ್ಸೆಸ್‌ನ ಹಳೆಯ ಎಂಡಿಬಿ ಬಗೆಯದಲ್ಲದೆ ಹೊಸ ಎಸಿಸಿಡಿಬಿ ಬಗೆಯದಾಗಿದ್ದರೆ ಜೆಟ್ ಸಾಲದು, ಏಸ್ ಚಾಲಕ ಬೇಕು. ಇದರ 32 ಬಿಟ್, 64 ಬಿಟ್ ಎರಡೂ ರೂಪಗಳಿವೆ. ವಿಂಡೋಸ್ ಎಷ್ಟು ಬಿಟ್ ಎಂದು ನೋಡಿ ಆರಿಸಬೇಡಿ, ಪ್ರೋಗ್ರಾಂ ಎಷ್ಟು ಬಿಟ್ ಎಂದು ನೋಡಿ. ಅಲ್ಲಿ ಇನ್ನೊಂದು ಬಿಟ್‌ನ ಆಫೀಸ್ ಮೊದಲೇ ಇದ್ದರೆ ಅನುಸ್ಥಾಪನೆ ತಡೆಯುವುದುಂಟು.

ಪ್ರೋಗ್ರಾಂ ಮತ್ತು ಕಡತವನ್ನು ಒಡಿಬಿಸಿ (ಇವೆರಡನ್ನು ಬೆಸೆಯುವ ವಿಂಡೋಸ್‌ನ ವ್ಯವಸ್ಥೆ) ಮೂಲಕ ಜೋಡಿಸಿದ್ದರೆ ಇನ್ನೊಂದು ಮಾತು. ಯಲ್ಲಾಪುರದಲ್ಲಿ ಇದೇ ಕಾರಣಕ್ಕೆ ನನ್ನ ಎರಡು ದಿನ ಹೋದವು. ಹೆಸರು ನೋಡಿ ಮೋಸಹೋಗಬೇಡಿ: 64 ಬಿಟ್ ವಿಂಡೋಸ್‌ನ ‘ಸಿಸ್ಟಮ್32’ ಕೋಶದಲ್ಲಿರುವುದು ಒಡಿಬಿಸಿ ಹೊಂದಿಸುವ 64 ಬಿಟ್ ಸಾಧನ, 32 ಬಿಟ್‌ನದು ‘ಸಿಸ್‌ವಾವ್64’ ಕೋಶದಲ್ಲಿದೆ. ಪ್ರೋಗ್ರಾಂ 32 ಬಿಟ್ ಆಗಿದ್ದರೆ ಡಿಎಸ್ಎನ್ (ಆ ಜೋಡಣೆಗೆ ಕೊಡುವ ಹೆಸರು) ಅನ್ನು ಅಲ್ಲಿಂದಲೇ ಸೇರಿಸಿ.

ಏನೇ ಮಾಡುವ ಮೊದಲು ಲೆಕ್ಕದ ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.