ಪ್ರತಿ ಬೇಸಿಗೆಗೂ ಒಂದು ಹೊಸ ದೇಶ: ಈ ಬಾರಿಯೂ ನಾನು ಹೊರಡಬೇಕೇ?

ಪ್ರಶ್ನೆ: ನಾನು ಶಿವಮೊಗ್ಗದವಳು, ವಯಸ್ಸು 32. ಕಂಪನಿಯ ಕೆಲಸದ ಮೇಲೆ ಬುಡಾಪೆಸ್ಟ್‌ಗೆ ಹೋಗಿದ್ದಾಗ ಅಲ್ಲಿ ಆಡುತ್ತಿದ್ದ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರನ ಪರಿಚಯವಾಯಿತು, ಮದುವೆಯಾದೆವು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಅವರ ಜೊತೆ ಹಂಗೇರಿ, ಆಮೇಲೆ ಪೋಲೆಂಡ್ ಎಂದು ತಿರುಗಿದೆ. ಪೋಲೆಂಡ್‌ನ ಚಳಿಗಾಲವನ್ನು ಫ್ಲ್ಯಾಟಿನಲ್ಲಿ ಒಬ್ಬಳೇ ಕಳೆದು ಬಹಳ ಮಂಕಾಗಿದ್ದೆ. ಜರ್ಮನಿಗೆ ಬಂದ ಮೇಲೆ ನನಗೂ ಒಳ್ಳೆಯ ಕೆಲಸ ಸಿಕ್ಕಿತು. ಬ್ಲೂ ಕಾರ್ಡ್ (ಉನ್ನತ ಕೌಶಲದ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಇದೆ, ಜರ್ಮನ್ ಭಾಷೆಯ ಮಧ್ಯಮ ಮಟ್ಟದ ಬಿ1 ಪರೀಕ್ಷೆ ಪಾಸಾಗಿದ್ದೇನೆ, ಕೆಲವೇ ತಿಂಗಳಲ್ಲಿ ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು. ಮಗಳಿಗೆ ನವೆಂಬರ್‌ನಲ್ಲಿ ಎರಡು ವರ್ಷ ತುಂಬುತ್ತದೆ, ಶಿಶುವಿಹಾರದಲ್ಲಿ ಹೊಂದಿಕೊಂಡಿದ್ದಾಳೆ. ಈಗ ಕ್ಲಬ್ ನನ್ನ ಗಂಡನ ಒಪ್ಪಂದವನ್ನು ಮುಂದುವರಿಸಿಲ್ಲ. ಟರ್ಕಿಯ ಒಂದು ಊರಿನ ಕ್ಲಬ್ ಇಲ್ಲಿಗಿಂತ ಒಂದೂವರೆ ಪಟ್ಟು ಹಣ ಕೊಡುತ್ತೇನೆ ಎಂದಿದೆ. ಅವರಿಗೆ 31 ವರ್ಷ, ಆಡುವುದು ಗಾರ್ಡ್ ಸ್ಥಾನದಲ್ಲಿ (ಚೆಂಡು ನಡೆಸಿ ಆಟ ಕಟ್ಟುವ ಸ್ಥಾನ). "ನೀವಿಬ್ಬರೂ ಬರದಿದ್ದರೆ ನಾನು ಆಟವನ್ನೇ ಬಿಡುತ್ತೇನೆ" ಎನ್ನುತ್ತಾರೆ. ಸೋತ ರಾತ್ರಿಗಳಲ್ಲಿ ಅವರು ಮಾತೇ ಆಡುವುದಿಲ್ಲ, ದೂರದಲ್ಲಿ ಒಬ್ಬರೇ ಹೇಗಿರುತ್ತಾರೋ ಎಂಬ ಭಯ ನನಗೂ ಇದೆ. ಅಮ್ಮ "ಗಂಡ ಇದ್ದಲ್ಲಿ ಹೆಂಡತಿ ಇರಬೇಕು" ಎನ್ನುತ್ತಾರೆ. ಶುಕ್ರವಾರ ಏಜೆಂಟ್‌ಗೆ ಉತ್ತರ ಹೇಳಬೇಕು. ಕೆಲಸ ಬಿಡಲು ಮನಸ್ಸಿಲ್ಲದ ನಾನು ಸ್ವಾರ್ಥಿಯೇ?
– ಹೆಸರು ಬೇಡ, ಜರ್ಮನಿ

ಉತ್ತರ: ಸ್ವಾರ್ಥಿ ಅಲ್ಲ. ಕೆಲಸ ಬಿಡಬೇಡಿ. ಅವರು ಟರ್ಕಿಗೆ ಹೋಗಲಿ, ಆಟದ ಒಂದು ಋತುವಿನ ಮಟ್ಟಿಗೆ. ನೀವು ಮತ್ತು ಮಗಳು ಈಗಿರುವಲ್ಲೇ ಇರಿ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನಿಮಗೆ ಉಳಿದಿರುವುದು ಕೆಲವೇ ದಿನ. ಹೀಗೆ ಹೇಳುವುದಕ್ಕೆ ನಿಮ್ಮ ಗಂಡನ ವೃತ್ತಿಯೇ ದೊಡ್ಡ ಕಾರಣ.

ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಇರುವುದು 30 ತಂಡ, ತಂಡಕ್ಕೆ 15 ಪೂರ್ಣ ಒಪ್ಪಂದ. ಅಲ್ಲಿ ಜಾಗ ಸಿಗದ ಅಮೆರಿಕದ ಆಟಗಾರರು ಪ್ರತಿ ಬೇಸಿಗೆಯಲ್ಲೂ ಯುರೋಪು, ಏಷ್ಯಾದ ಕ್ಲಬ್‌ಗಳ ಬಾಗಿಲು ತಟ್ಟುತ್ತಾರೆ. ಅವರ ಹಿಂದೆಯೇ ಆಗತಾನೇ ಕಾಲೇಜು ಮುಗಿಸಿದ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗರು ಕಡಿಮೆ ಸಂಬಳಕ್ಕೆ ಸಿದ್ಧರಾಗಿ ನಿಂತಿರುತ್ತಾರೆ. ಜರ್ಮನಿಯ ಅಗ್ರ ಬ್ಯಾಸ್ಕೆಟ್‌ಬಾಲ್ ಲೀಗ್ ಬುಂಡೆಸ್‌ಲೀಗಾದಲ್ಲಿ ಪಂದ್ಯಕ್ಕೆ ಇಳಿಯುವ ಹನ್ನೆರಡು ಜನರಲ್ಲಿ ಆರು ಮಂದಿ ಜರ್ಮನ್ ಆಟಗಾರರೇ ಇರಬೇಕು. ಹೊರಗಿನವರಿಗೆ ಉಳಿಯುವುದು ಆರು ಜಾಗ. ಆ ಆರರಲ್ಲಿ ಒಂದು ಜಾಗವನ್ನು 31ರ ಗಾರ್ಡ್ ಒಬ್ಬರು ಇಷ್ಟು ಕಾಲ ಹಿಡಿದುಕೊಂಡಿದ್ದರು ಎಂದರೆ ಅವರು ನಿಜಕ್ಕೂ ಒಳ್ಳೆಯ ಆಟಗಾರ. ಆದರೆ ತಂಡ ನಾಲ್ಕು ಪಂದ್ಯ ಸೋತರೆ ಆಡಳಿತ ಮೊದಲು ನೋಡುವುದು ಹೊರಗಿನಿಂದ ತಂದವನ ಕಡೆಗೇ. ಸ್ಥಳೀಯ ಹುಡುಗ ತಪ್ಪು ಮಾಡಿದರೆ ಕಲಿಯುತ್ತಿದ್ದಾನೆ ಎನ್ನುತ್ತಾರೆ, ಹೊರಗಿನವನು ಮಾಡಿದರೆ ಇವನಿಗೇಕೆ ಇಷ್ಟು ಹಣ ಎನ್ನುತ್ತಾರೆ. ಡಿಸೆಂಬರ್‌ನಲ್ಲಿ ಅವನ ಜಾಗಕ್ಕೆ ಇನ್ನೊಬ್ಬ ಬಂದಿಳಿಯುವುದು ಈ ಲೋಕದಲ್ಲಿ ಯಾರಿಗೂ ಹೊಸದಲ್ಲ.

ಹಾಗೆ ಆದ ದಿನ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಮನೆ ಕ್ಲಬ್ಬಿನದು, ಕಾರು ಕ್ಲಬ್ಬಿನದು, ವಾಸದ ಪರವಾನಗಿಯೂ ಕ್ಲಬ್ಬಿನ ಒಪ್ಪಂದಕ್ಕೆ ಅಂಟಿಕೊಂಡದ್ದು. ನೀವು ಕೆಲಸ ಬಿಟ್ಟು ಜೊತೆಗೆ ಹೋಗಿದ್ದರೆ, ಆ ದಿನ ಮೂವರೂ ಸೂಟ್‌ಕೇಸು ಹಿಡಿದು ಯಾವ ದೇಶಕ್ಕೆ ಎಂದು ಯೋಚಿಸಬೇಕಾಗುತ್ತದೆ. ನೀವು ಜರ್ಮನಿಯಲ್ಲೇ ಇದ್ದರೆ ಅವರು ವಿಮಾನ ಹತ್ತಿ ಮನೆಗೆ ಬರುತ್ತಾರೆ. ಎರಡರ ನಡುವಿನ ಅಂತರ ದೊಡ್ಡದು. ನಿಮ್ಮ ಕೆಲಸವನ್ನು ಗಂಡನ ಆಟಕ್ಕೆ ಎದುರಾಗಿ ಇಟ್ಟು ತೂಗುತ್ತಿದ್ದೀರಿ. ಅವರು ಧೈರ್ಯವಾಗಿ ಇನ್ನೆರಡು ವರ್ಷ ಆಡುವುದಕ್ಕೆ ನೆಲ ಕೊಡುತ್ತಿರುವುದು ಅದೇ ಕೆಲಸ. ಈ ಮಾತನ್ನು ಅವರಿಗೆ ಇದೇ ರೀತಿ ಹೇಳಿ. ಅವರು ಅದನ್ನು ಹೀಗೆ ನೋಡಿರಲಿಕ್ಕಿಲ್ಲ.

ಕಾಗದಪತ್ರಗಳ ವಿಷಯವನ್ನೂ ನೋಡೋಣ, ಇಲ್ಲಿ ನೀವು ತುಂಬ ಕಳೆದುಕೊಳ್ಳುತ್ತೀರಿ. ಬಿ1 ಮಟ್ಟದ ಭಾಷೆ ಇದ್ದರೆ ಬ್ಲೂ ಕಾರ್ಡ್ ಇರುವವರು 21 ತಿಂಗಳ ಕೆಲಸದ ನಂತರ ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು (ಆರಂಭಿಕ ಮಟ್ಟದ ಎ1 ಮಾತ್ರ ಇದ್ದರೆ 27 ತಿಂಗಳು). ಅದರ ಹೊಸ್ತಿಲಲ್ಲಿ ನಿಂತು ರಾಜೀನಾಮೆ ಕೊಡಬೇಡಿ. ಇನ್ನೊಂದು ಮಾತು: ನಿಮ್ಮ ಗಂಡನ ಜರ್ಮನ್ ಪರವಾನಗಿ ಹಳೆಯ ಕ್ಲಬ್ಬಿನ ಕೆಲಸದ ಮೇಲೆ ನಿಂತಿದ್ದರೆ, ಆಗಸ್ಟ್‌ನ ತರಬೇತಿ ಶಿಬಿರಕ್ಕೆ ಹೊರಡುವ ಮೊದಲೇ ಅದನ್ನು ನಿಮ್ಮ ಸಂಗಾತಿ ಎಂಬ ನೆಲೆಯ ಪರವಾನಗಿಗೆ ಬದಲಾಯಿಸಿಕೊಳ್ಳಿ. ಸಾಮಾನ್ಯ ಪರವಾನಗಿ ಇದ್ದವರು ಆರು ತಿಂಗಳಿಗಿಂತ ಹೆಚ್ಚು ಕಾಲ ದೇಶದ ಹೊರಗಿದ್ದರೆ ಅದು ಬಿದ್ದುಹೋಗುತ್ತದೆ. ಬ್ಲೂ ಕಾರ್ಡ್ ಇದ್ದವರಿಗೂ ಅವರ ಕುಟುಂಬಕ್ಕೂ ಆ ಗಡುವು ಹನ್ನೆರಡು ತಿಂಗಳು. ವಿದೇಶಿಯರ ಕಚೇರಿಯಲ್ಲಿ ಭೇಟಿಯ ದಿನ ಸಿಗುವುದು ನಿಧಾನ, ಅದು ನಿಮಗೂ ಗೊತ್ತು. ಈ ವಾರವೇ ಬರೆಯಿರಿ.

ಮಗಳ ಶಿಶುವಿಹಾರದ ಜಾಗವನ್ನೂ ಹಗುರವಾಗಿ ಕಾಣಬೇಡಿ. ಒಂದು ವರ್ಷ ತುಂಬಿದ ಮಗುವಿಗೆ ಆ ಜಾಗ ಸಿಗಬೇಕೆಂಬ ಹಕ್ಕು ಜರ್ಮನಿಯಲ್ಲಿ 2013ರಿಂದ ಇದೆ. ಹಕ್ಕಿದ್ದರೂ ಎಷ್ಟೋ ಊರುಗಳಲ್ಲಿ ಜಾಗ ಸಿಗದೆ ತಾಯಂದಿರು ಒದ್ದಾಡುತ್ತಿದ್ದಾರೆ. ಆಟಗಾರರ ಮಕ್ಕಳು ಊರೂರು ತಿರುಗಿಯೂ ಚೆನ್ನಾಗಿ ಬೆಳೆಯುತ್ತಾರೆ ಎಂದು ಯಾರಾದರೂ ನಿಮಗೆ ಎನ್‌ಬಿಎಯ ಪ್ರಸಿದ್ಧ ಆಟಗಾರ ಕೋಬಿ ಬ್ರಯಂಟ್ ಉದಾಹರಣೆ ಕೊಡಬಹುದು. ಅವರ ತಂದೆ ಜೋ ಬ್ರಯಂಟ್ 1984ರಿಂದ 1991ರವರೆಗೆ ಇಟಲಿಯಲ್ಲಿ ಆಡಿದರು, ಕುಟುಂಬವೂ ಜೊತೆಗಿತ್ತು. ಕೋಬಿ ಆರರಿಂದ ಹದಿಮೂರನೆಯ ವಯಸ್ಸಿನವರೆಗೆ ಅಲ್ಲಿ ಬೆಳೆದು ಇಟಾಲಿಯನ್ ಭಾಷೆಯನ್ನು ಸರಾಗವಾಗಿ ಮಾತನಾಡುತ್ತಿದ್ದರು. ನಿಜ. ಆದರೆ ರಿಯೇಟಿ, ರೆಜ್ಜೊ ಕಲಾಬ್ರಿಯ, ಪಿಸ್ಟೋಯ, ರೆಜ್ಜೊ ಎಮಿಲಿಯ ಎಂದು ಊರು ನಾಲ್ಕಾದರೂ ದೇಶ ಒಂದೇ, ಭಾಷೆ ಒಂದೇ ಇತ್ತು. ನಿಮ್ಮ ಮನೆಯಲ್ಲಿ ಈಗಾಗಲೇ ಕನ್ನಡ, ಇಂಗ್ಲಿಷ್, ಜರ್ಮನ್ ಇವೆ. ಮಗಳು ಇನ್ನೂ ವಾಕ್ಯ ಕಟ್ಟಲು ಕಲಿಯುತ್ತಿದ್ದಾಳೆ. ಹತ್ತು ತಿಂಗಳಿಗಾಗಿ ನಾಲ್ಕನೆಯ ಭಾಷೆಯ ನಡುವೆ ಅವಳನ್ನು ಕೂರಿಸಿ, ಮತ್ತೆ ಎಬ್ಬಿಸಿ ಇನ್ನೆಲ್ಲಿಗೋ ಕರೆದೊಯ್ಯುವ ಅಗತ್ಯ ನನಗೆ ಕಾಣುವುದಿಲ್ಲ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. "ನೀವು ಬರದಿದ್ದರೆ ಆಟ ಬಿಡುತ್ತೇನೆ" ಎಂಬ ಮಾತು.

ಇದನ್ನು ಓದಿದಾಗ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಕನಿಕರವಾಯಿತು. ಆ ಬದುಕು ಹೊರಗಿನಿಂದ ಕಾಣುವಷ್ಟು ಝಗಮಗಿಸುವುದಿಲ್ಲ. ಬೆಳಿಗ್ಗೆ ಒಂದು ತರಬೇತಿ, ಸಂಜೆ ಇನ್ನೊಂದು. ನಡುವೆ ಊಟ, ನಿದ್ದೆ, ಮೊಣಕಾಲಿಗೆ ಮಂಜುಗಡ್ಡೆ. ಗೋಡೆಗೆ ಒಂದು ಚಿತ್ರವೂ ಇಲ್ಲದ ಬಾಡಿಗೆ ಮನೆ. ತಂಡದವರೇ ಗೆಳೆಯರು, ಮುಂದಿನ ವರ್ಷ ಅವರೂ ಬೇರೆ. ಹತ್ತು ಸಾವಿರ ಮೈಲಿ ತಿರುಗಿದರೂ ಬದಲಾಗದೆ ಅವರ ಜೊತೆಗಿದ್ದವರು ನೀವು, ಈಗ ಮಗಳು. ಕಾಲಿನ ವೇಗದ ಮೇಲೆ ಬದುಕುವ ಗಾರ್ಡ್‌ಗೆ 31 ಎಂದರೆ, ಪ್ರತಿ ಒಪ್ಪಂದವೂ ಕೊನೆಯದಿರಬಹುದು ಎಂಬ ಅಂಜಿಕೆ ಒಳಗೇ ಕೊರೆಯುತ್ತದೆ. ಈಗಷ್ಟೇ ಒಂದು ಕ್ಲಬ್ ಬೇಡ ಎಂದಿದೆ. ಆ ಗಾಯ ಆರುವ ಮೊದಲೇ ಖಾಲಿ ಮನೆಗೆ ಒಬ್ಬರೇ ಹೋಗಿ ಎಂದರೆ ಯಾರಿಗಾದರೂ ಹೆದರಿಕೆಯಾಗುತ್ತದೆ. ಅವರ ಬಾಯಲ್ಲಿ ಅದು ಬೆದರಿಕೆಯ ರೂಪದಲ್ಲಿ ಬಂದಿದೆ, ಅಷ್ಟೇ.

ಹೆದರಿಕೆ ನಿಜ ಎಂದಮಾತ್ರಕ್ಕೆ ಅದಕ್ಕೆ ನಿಮ್ಮ ರಾಜೀನಾಮೆಯೇ ಮದ್ದು ಎಂದಾಗುವುದಿಲ್ಲ. ಪೋಲೆಂಡ್‌ನಲ್ಲಿ ನೀವು ಜೊತೆಗೇ ಇದ್ದಿರಿ. ಸೋತ ರಾತ್ರಿಗಳ ಮೌನ ಆಗ ಕರಗಿತೇ? ಆ ಮೌನ ಹಾಗೇ ಇತ್ತು, ಅದರ ಜೊತೆಗೆ ನೀವೂ ಮಂಕಾದಿರಿ. ಟರ್ಕಿಯಲ್ಲಿ ನಿಮಗೆ ಕೆಲಸದ ಪರವಾನಗಿ ಇರುವುದಿಲ್ಲ, ಪುಟ್ಟ ಮಗು ಕಂಕುಳಲ್ಲಿ, ಗಂಡ ಪಂದ್ಯಕ್ಕೆಂದು ವಾರಕ್ಕೊಮ್ಮೆ ಬೇರೆ ಊರಿನಲ್ಲಿ. ಅಲ್ಲಿ ನೀವು ಕುಗ್ಗಿದರೆ ಅವರನ್ನು ಎತ್ತುವವರು ಯಾರು? ಆಟ ಬಿಡುವುದು, ಉಳಿಸಿಕೊಳ್ಳುವುದು ಅವರ ತೀರ್ಮಾನ. ಅದರ ಭಾರವನ್ನು ನಿಮ್ಮ ಹೆಗಲಿಗೆ ಹಾಕಿಕೊಳ್ಳಬೇಡಿ. "ನಿಮಗೆ ಇನ್ನೂ ಆಡಬೇಕೆಂಬ ಆಸೆ ಇದೆಯೇ?" ಎಂಬುದೊಂದನ್ನೇ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಇದೆ ಎಂದರೆ ಟರ್ಕಿಗೆ ಹೋಗಲಿ. ಸಾಕಾಗಿದೆ ಎಂದರೆ ಅದನ್ನೂ ಗೌರವದಿಂದ ಕೇಳಿಸಿಕೊಳ್ಳಿ. ಜರ್ಮನಿಯ ಕೆಳಗಿನ ಲೀಗ್‌ಗಳಲ್ಲಿ ಆಡುತ್ತಾ ಮಕ್ಕಳಿಗೆ ತರಬೇತಿ ಕೊಡುವ ದಾರಿ ಇದೆ. ಹಣ ಕಡಿಮೆ, ಆದರೆ ಮನೆಯಲ್ಲಿ ಒಂದು ಸಂಬಳ ಈಗಾಗಲೇ ಇದೆ.

ಹೋಗುವುದಾದರೆ ದೂರವನ್ನು ವಿಧಿಗೆ ಬಿಡದೆ ಮೊದಲೇ ಯೋಜಿಸಿಕೊಳ್ಳಿ. ನವೆಂಬರ್ ಮತ್ತು ಫೆಬ್ರುವರಿಯಲ್ಲಿ ರಾಷ್ಟ್ರೀಯ ತಂಡಗಳ ಪಂದ್ಯಗಳಿಗಾಗಿ ಲೀಗ್‌ಗಳು ನಿಲ್ಲುತ್ತವೆ. ರಾಷ್ಟ್ರೀಯ ತಂಡದಲ್ಲಿ ಇಲ್ಲದ ಹೊರಗಿನ ಆಟಗಾರರಿಗೆ ಕೋಚ್‌ಗಳು ಆಗ ಕೆಲವು ದಿನ ಬಿಡುವು ಕೊಡುವುದುಂಟು. ನವೆಂಬರ್‌ನ ಬಿಡುವು ಮಗಳ ಹುಟ್ಟುಹಬ್ಬದ ತಿಂಗಳಲ್ಲೇ ಬರುತ್ತದೆ. ಈ ಬಿಡುವಿನ ಮಾತನ್ನು ಸಹಿ ಹಾಕುವ ಮೊದಲು ಕೋಚ್ ಬಳಿ ಆಡಬೇಕು. ಇನ್ನು ನಿಮ್ಮ ಕಡೆಯಿಂದ: ಜರ್ಮನಿಯಲ್ಲಿ ತಂದೆಗೂ ತಾಯಿಗೂ ಪ್ರತ್ಯೇಕವಾಗಿ ಮೂರು ವರ್ಷಗಳವರೆಗೆ ಪೋಷಕರ ರಜೆಯ ಹಕ್ಕಿದೆ, ಆ ಅವಧಿಯಲ್ಲಿ ಕೆಲಸಕ್ಕೆ ಕಾನೂನಿನ ರಕ್ಷಣೆಯೂ ಇದೆ. ಮಗುವಿಗೆ ಮೂರು ತುಂಬುವ ಮೊದಲು ತೆಗೆದುಕೊಳ್ಳುವುದಾದರೆ ಏಳು ವಾರ ಮುಂಚೆ ಬರೆದು ಕೊಡಬೇಕು. ನಿಮ್ಮದು ಎಷ್ಟು ಉಳಿದಿದೆ ಎಂದು ಸಿಬ್ಬಂದಿ ವಿಭಾಗದಲ್ಲಿ ಕೇಳಿ, ಚಳಿಗಾಲದಲ್ಲಿ ಒಂದು ತಿಂಗಳು ಮಗಳೊಡನೆ ಟರ್ಕಿಯಲ್ಲಿ ಇದ್ದು ಬನ್ನಿ. ಭಾರತದ ಪಾಸ್‌ಪೋರ್ಟ್ ಇದ್ದರೂ ಷೆಂಗೆನ್ ದೇಶದ (ಒಂದೇ ವೀಸಾ ನಡೆಯುವ, ಜರ್ಮನಿಯಂತಹ ಯುರೋಪಿನ ದೇಶದ) ನಿವಾಸ ಪರವಾನಗಿ ಇರುವವರಿಗೆ 30 ದಿನಗಳ, ಒಮ್ಮೆ ಪ್ರವೇಶಿಸುವ ಇ-ವೀಸಾ ಸಿಗುತ್ತದೆ.

ಅಮ್ಮನ ಮಾತಿಗೆ ಬೇಜಾರು ಮಾಡಿಕೊಳ್ಳಬೇಡಿ, ವಾದಕ್ಕೂ ಹೋಗಬೇಡಿ. ಅವರನ್ನು ಕರೆಸಿಕೊಳ್ಳಿ. ಷೆಂಗೆನ್ ಪ್ರವಾಸಿ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ಇರಬಹುದು. ಕತ್ತಲು ಬೇಗ ಕವಿಯುವ ಆ ತಿಂಗಳುಗಳಲ್ಲಿ ಒಬ್ಬರೇ ಮಗು, ಕಚೇರಿ, ಅಡುಗೆ ನಿಭಾಯಿಸುವುದು ಸುಲಭವಲ್ಲ, ಅದನ್ನು ಮುಚ್ಚಿಡುವುದಿಲ್ಲ. ಗಂಡನಿಗೆ ಬರುವ ಹೆಚ್ಚುವರಿ ಹಣದಲ್ಲಿ ಅಮ್ಮನ ಟಿಕೆಟ್‌ಗೂ ಮಗುವನ್ನು ನೋಡಿಕೊಳ್ಳುವವರಿಗೂ ಒಂದು ಪಾಲು ಮೊದಲೇ ತೆಗೆದಿಡಿ. ನಿಮ್ಮ ಕೆಲಸದ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಅಮ್ಮ ಒಮ್ಮೆ ಕಣ್ಣಾರೆ ಕಂಡರೆ ಅವರ ಅಭಿಪ್ರಾಯವೂ ಸ್ವಲ್ಪ ಸಡಿಲವಾದೀತು.

ಪ್ರತಿದಿನದ ಕರೆಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಜರ್ಮನಿಯಂತೆ ಬೇಸಿಗೆ, ಚಳಿಗಾಲಕ್ಕೆಂದು ಟರ್ಕಿ ಈಗ ಗಡಿಯಾರ ಬದಲಿಸುವುದಿಲ್ಲ. ಚಳಿಗಾಲದಲ್ಲಿ ಜರ್ಮನಿಗಿಂತ ಎರಡು ಗಂಟೆ ಮುಂದಿರುತ್ತದೆ. ಮಗಳು ಏಳಕ್ಕೆ ಮಲಗಲು ಹೊರಟಾಗ ಅಲ್ಲಿ ಒಂಬತ್ತು, ಸಂಜೆಯ ತರಬೇತಿ ಮುಗಿದಿರುತ್ತದೆ. ಸೋತರೂ ಗೆದ್ದರೂ ಆ ಕರೆ ತಪ್ಪಬಾರದು, ಪಂದ್ಯದ ದಿನವಾದರೆ ಮಧ್ಯಾಹ್ನಕ್ಕೆ ಸರಿಸಿಕೊಳ್ಳಬಹುದು. ಪಂದ್ಯದ ಬಗ್ಗೆ ಮಾತನಾಡಬೇಕಿಲ್ಲ. ಮಗಳ ಮುಖ ನೋಡಿದರೆ ಸಾಕು. ಮೌನ ದಿನಗಟ್ಟಲೆ ಮುಂದುವರಿದರೆ, ನಿದ್ದೆ ಕೆಟ್ಟರೆ, ಕುಡಿತ ಹೆಚ್ಚಿದರೆ ಅದು ಸೋಲಿನ ಬೇಸರವಲ್ಲ, ಆಪ್ತಸಮಾಲೋಚಕರನ್ನು ಕಾಣಬೇಕಾದ ವಿಷಯ. ಇಂಗ್ಲಿಷ್ ಮಾತನಾಡುವವರು ಆನ್‌ಲೈನ್‌ನಲ್ಲಿ ಸಿಗುತ್ತಾರೆ. ಗಂಡ ಹೊರಡುವ ಮೊದಲೇ ಒಬ್ಬರನ್ನು ಗೊತ್ತು ಮಾಡಿಡಿ.

ಕೊನೆಗೆ ಶುಕ್ರವಾರದ ಉತ್ತರ. ಏಜೆಂಟ್ ಫೋನಿನಲ್ಲಿ ಹೇಳಿದ ಅಂಕಿಗೆ ಒಪ್ಪಿಗೆ ಕೊಡಬೇಡಿ, ಒಪ್ಪಂದದ ಕರಡು ತರಿಸಿಕೊಳ್ಳಿ. ನೀವೂ ಅವರೂ ಕೂತು ಓದಿ. ಇಂತಹ ಕಾಗದ ಓದುವ ತಾಳ್ಮೆ ನಿಮ್ಮ ವೃತ್ತಿಯಲ್ಲೇ ಇದೆ. ಸಂಬಳ ತೆರಿಗೆ ಕಳೆದು ಕೈಗೆ ಬರುವ ಮೊತ್ತವೇ, ಮಧ್ಯದಲ್ಲಿ ಕೈಬಿಟ್ಟರೂ ಪೂರ್ತಿ ಕೊಡುವ ಖಾತರಿ ಇದೆಯೇ, ಗಾಯವಾದರೆ ಚಿಕಿತ್ಸೆಯ ಖರ್ಚೂ ಸಂಬಳವೂ ಯಾರದು, ಹಣ ಇಷ್ಟು ದಿನ ತಡವಾದರೆ ತರಬೇತಿಗೆ ಹೋಗದಿರುವ, ಆಮೇಲೂ ಬಾರದಿದ್ದರೆ ಒಪ್ಪಂದ ಮುರಿಯುವ ಹಕ್ಕು ಬರೆದಿದೆಯೇ ಎಂದು ನೋಡಿ. ಜರ್ಮನಿಯಲ್ಲಿ ಲೀಗ್ ಪ್ರತಿ ವರ್ಷ ಕ್ಲಬ್‌ಗಳ ಹಣಕಾಸನ್ನು ಪರಿಶೀಲಿಸಿಯೇ ಪರವಾನಗಿ ಕೊಡುತ್ತದೆ, ಹಾಗಾಗಿ ನಿಮಗೆ ಸಂಬಳ ತಡವಾಗುವ ಅನುಭವ ಕಡಿಮೆ ಇರಬಹುದು. ಎಲ್ಲ ಕಡೆ ಹಾಗಿಲ್ಲ. ಆದ್ದರಿಂದ ವಿವಾದವಾದರೆ ಜಿನೀವಾದಲ್ಲಿ ನೆಲೆಯಿರುವ ಬ್ಯಾಸ್ಕೆಟ್‌ಬಾಲ್ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಗಬಹುದು ಎಂಬ ಷರತ್ತು ಇರಲೇಬೇಕು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ 2007ರಲ್ಲಿ ಆರಂಭಿಸಿದ ಈ ಮಂಡಳಿಯ ತೀರ್ಪನ್ನು ಪಾಲಿಸದ ಕ್ಲಬ್‌ಗೆ ಹೊಸ ವಿದೇಶಿ ಆಟಗಾರರನ್ನು ನೋಂದಾಯಿಸದಂತೆ ಫಿಬಾ ನಿಷೇಧ ಹೇರಬಹುದು, ಕ್ಲಬ್‌ಗಳು ಅದಕ್ಕೆ ಹೆದರುತ್ತವೆ. ಆ ಷರತ್ತು ಇಲ್ಲದಿದ್ದರೆ ಸಹಿ ಬೇಡ, ಹಣ ಎಷ್ಟೇ ಇರಲಿ.

ಕುಟುಂಬಕ್ಕೆ ಹೋಗಿಬರುವ ವಿಮಾನ ಟಿಕೆಟ್‌ಗಳನ್ನು ಕ್ಲಬ್‌ಗಳು ಒಪ್ಪಂದದಲ್ಲಿ ಸೇರಿಸುವ ರೂಢಿಯಿದೆ. ಸಾಮಾನ್ಯವಾಗಿ ಅವು ಅಮೆರಿಕಕ್ಕೆ ಎಂದು ಬರೆದಿರುತ್ತವೆ. ಅದರ ಬದಲು ನಿಮ್ಮ ಊರಿಗೆ ಹತ್ತಿರದ ಜರ್ಮನ್ ವಿಮಾನ ನಿಲ್ದಾಣದ ಹೆಸರು ಹಾಕಿ, ಸಂಖ್ಯೆಯನ್ನು ಹೆಚ್ಚಿಸಿ ಕೊಡಿ ಎಂದು ಏಜೆಂಟ್‌ಗೆ ಹೇಳಿ. ಅಮೆರಿಕದ ಒಂದು ಟಿಕೆಟಿನ ಹಣದಲ್ಲಿ ಜರ್ಮನಿಗೆ ಹಲವು ಬಾರಿ ಬಂದು ಹೋಗಬಹುದು. ಕ್ಲಬ್‌ಗೂ ಇದರಿಂದ ನಷ್ಟವಿಲ್ಲ.